ಅಪ್ಪನಿಗೆ ಕಾಮಾಲೆ, ಮನೆಯವರೆಲ್ಲ ನಾಟಿ ಔಷಧಿ ಅಂತಿದ್ದಾರೆ. ಮೊದಲು ಏನು ಮಾಡಿಸಲಿ?

ಅರಸೀಕೆರೆ_ತೆಂಗು · ಸೋಮವಾರ ರಾತ್ರಿ

ಎಲ್ಲರಿಗೂ ನಮಸ್ಕಾರ. ನಮ್ಮಪ್ಪನಿಗೆ 62 ವರ್ಷ. ಒಂದು ವಾರದಿಂದ ಕಣ್ಣು ಹಳದಿ ಆಗಿದೆ. ಮೂತ್ರ ಕಡು ಕಂದು ಬಣ್ಣಕ್ಕೆ ತಿರುಗಿದೆ. ಜ್ವರ ಇಲ್ಲ. ಊಟ ಸೇರುತ್ತಿಲ್ಲ. ರಾತ್ರಿ ಮೈ ಕೆರೆತ ತಡೆಯೋಕಾಗದೆ ಬೆನ್ನು ಕೆರೆದುಕೊಳ್ಳಲು ಒಂದು ಕಡ್ಡಿಯನ್ನೇ ದಿಂಬಿನ ಪಕ್ಕ ಇಟ್ಟುಕೊಂಡಿದ್ದಾರೆ. ಕುಡಿತ, ಬೀಡಿ ಯಾವುದೂ ಇಲ್ಲ. ಶುಗರ್ ಇದೆ, ಮಾತ್ರೆ ತೆಗೆದುಕೊಳ್ಳುತ್ತಾರೆ.

ಪಕ್ಕದೂರಿನಲ್ಲಿ ಕಾಮಾಲೆಗೆ ಔಷಧಿ ಕೊಡುವವರಿದ್ದಾರೆ. ಮೂರು ಭಾನುವಾರ ಬೆಳಿಗ್ಗೆ ಖಾಲಿ ಹೊಟ್ಟೆಗೆ ಕೊಡುತ್ತಾರೆ. ಎಣ್ಣೆ, ಉಪ್ಪು, ಖಾರ ಬಿಡಬೇಕು. ನಮ್ಮ ಚಿಕ್ಕಪ್ಪನಿಗೆ ಅಲ್ಲೇ ವಾಸಿ ಆಗಿತ್ತು. ಅಮ್ಮ, ಅತ್ತೆ, ದೊಡ್ಡಪ್ಪ ಎಲ್ಲರದ್ದೂ ಒಂದೇ ಮಾತು: "ಇಂಗ್ಲಿಷ್ ಔಷಧಿಯಲ್ಲಿ ಕಾಮಾಲೆಗೆ ಮದ್ದೇ ಇಲ್ಲ." ಇದು ನಿಜವಾ? ನಾನು ಬೆಂಗಳೂರಿನಲ್ಲಿದ್ದೇನೆ, ನಾಳೆ ಬೆಳಿಗ್ಗೆ ಊರಿಗೆ ಹೊರಡುತ್ತೇನೆ. ಯಾವ ಟೆಸ್ಟ್ ಮಾಡಿಸಲಿ?

ಹೊಲದ_ಬದು · ಸೋಮವಾರ ರಾತ್ರಿ

ತಂಗಿ, ಹೆದರಬೇಡ. ನಮ್ಮ ಕಡೆ ಕಾಮಾಲೆಗೆ ಯಾರೂ ಆಸ್ಪತ್ರೆ ಮೆಟ್ಟಿಲು ಹತ್ತೋದಿಲ್ಲ. ನೆಲನೆಲ್ಲಿ ಬೇರು ಸಮೇತ ಕಿತ್ತು, ಅರೆದು, ಹಾಲಿನಲ್ಲಿ ಕೊಡುತ್ತಾರೆ. ನನಗೂ ನನ್ನ ಮಗನಿಗೂ ಅದರಲ್ಲೇ ಹೋಯ್ತು. ಆಸ್ಪತ್ರೆಗೆ ಹೋದರೆ ಗ್ಲೂಕೋಸ್ ಹಾಕಿ ಮಲಗಿಸಿ ಬಿಲ್ ಮಾಡ್ತಾರೆ ಅಷ್ಟೇ. ಪಥ್ಯ ಮಾತ್ರ ಸರಿಯಾಗಿ ಮಾಡಿಸು.

ತಾಲೂಕು_ಡ್ಯೂಟಿ · ಸೋಮವಾರ ರಾತ್ರಿ

ನಾನು ತಾಲೂಕು ಆಸ್ಪತ್ರೆಯಲ್ಲಿ ಫಿಸಿಷಿಯನ್. ಮೂರು ಭಾನುವಾರ ಮುಗಿಸಿಕೊಂಡು ಬರುವವರನ್ನು ಆಗಾಗ ನೋಡುತ್ತೇನೆ. ಹಾಗಾಗಿ ಸ್ವಲ್ಪ ಉದ್ದವಾಗಿಯೇ ಬರೆಯುತ್ತೇನೆ.

ಕಾಮಾಲೆ ಅನ್ನೋದು ಒಂದು ಲಕ್ಷಣ. ಅದರ ಹಿಂದೆ ಹತ್ತಾರು ಕಾಯಿಲೆ ಇರಬಹುದು. ರಕ್ತದ ಕೆಂಪು ಕಣ ಸುಮಾರು 120 ದಿನ ಬದುಕಿ ಒಡೆಯುತ್ತದೆ. ಅದರಿಂದ ಬಿಲಿರುಬಿನ್ ಎಂಬ ಹಳದಿ ವಸ್ತು ಹುಟ್ಟುತ್ತದೆ. ಲಿವರ್ ಅದನ್ನು ನೀರಿನಲ್ಲಿ ಕರಗುವ ಹಾಗೆ ಮಾಡಿ, ಪಿತ್ತರಸದ ಜೊತೆ ಕರುಳಿಗೆ ಬಿಡುತ್ತದೆ. ಮಲಕ್ಕೆ ಬಣ್ಣ ಬರೋದೇ ಇದರಿಂದ. ಕಣ ಜಾಸ್ತಿ ಒಡೆದರೂ ಹಳದಿ ಆಗುತ್ತದೆ. ಲಿವರ್‌ನ ಜೀವಕೋಶಗಳು ಊದಿಕೊಂಡು ಕೆಲಸ ನಿಂತರೂ ಹಳದಿ ಆಗುತ್ತದೆ. ಲಿವರ್ ಚೆನ್ನಾಗಿಯೇ ಇದ್ದು, ಕೆಳಗಿನ ಪಿತ್ತನಾಳ ಕಟ್ಟಿಕೊಂಡರೂ ಹಳದಿ ಆಗುತ್ತದೆ. ಮೂರಕ್ಕೂ ಕಣ್ಣಿನ ಬಣ್ಣ ಒಂದೇ, ಚಿಕಿತ್ಸೆ ಮಾತ್ರ ಬೇರೆ ಬೇರೆ.

"ಮದ್ದೇ ಇಲ್ಲ" ಅನ್ನುವ ಮಾತು ಎಲ್ಲಿಂದ ಬಂತು ಗೊತ್ತಾ? ನಮ್ಮಲ್ಲಿ ಮಕ್ಕಳಿಗೆ, ಹರೆಯದವರಿಗೆ ಬರುವ ಕಾಮಾಲೆ ಹೆಚ್ಚಾಗಿ ಕೊಳಕು ನೀರಿನಿಂದ ಬರುವ ಹೆಪಟೈಟಿಸ್ ಎ ಅಥವಾ ಇ. ಇವೆರಡಕ್ಕೂ ದಿನನಿತ್ಯ ಕೊಡುವಂಥ ವೈರಸ್ ಔಷಧಿ ಇಲ್ಲ, ಬಹುಪಾಲು ಜನರಿಗೆ ಬೇಕಾಗೋದೂ ಇಲ್ಲ. ಕೆಲವು ವಾರಗಳಲ್ಲಿ ದೇಹವೇ ವಾಸಿ ಮಾಡಿಕೊಳ್ಳುತ್ತದೆ. ಆ ವಾರಗಳಲ್ಲಿ ಯಾರು ಏನು ಕೊಟ್ಟಿದ್ದರೋ ಅವರಿಗೆ ಹೆಸರು ಬರುತ್ತದೆ. ಮೂರು ಭಾನುವಾರದ ಲೆಕ್ಕ ಇದಕ್ಕೆ ಚೆನ್ನಾಗಿ ಹೊಂದುತ್ತದೆ ಅಲ್ವಾ?

ನಿಮ್ಮ ಚಿಕ್ಕಪ್ಪನದು ಅದೇ ಇರಬಹುದು. ಆದರೆ 62 ವರ್ಷದವರಿಗೆ, ಜ್ವರ ಇಲ್ಲದೆ, ಇಷ್ಟು ಕೆರೆತದ ಜೊತೆ ಕಾಮಾಲೆ ಬಂದರೆ ನಾನು ಮೊದಲು ಯೋಚಿಸೋದು ಪಿತ್ತನಾಳದ ಬಗ್ಗೆ. ಮೂರು ವಿಷಯ ಹೇಳಿ. ಮಲದ ಬಣ್ಣ ಹೇಗಿದೆ? ಹಿಂದೆ ಯಾವಾಗಾದರೂ ಬಲಗಡೆ ಪಕ್ಕೆ ಕೆಳಗೆ ಅಥವಾ ಹೊಟ್ಟೆ ಮೇಲ್ಭಾಗದಲ್ಲಿ ನೋವು ಬಂದಿತ್ತಾ? ಮೂರ್ನಾಲ್ಕು ತಿಂಗಳಲ್ಲಿ ತೂಕ ಇಳಿದಿದೆಯಾ?

ಅರಸೀಕೆರೆ_ತೆಂಗು · ಸೋಮವಾರ ರಾತ್ರಿ

ಡಾಕ್ಟ್ರೇ, ಅಮ್ಮನಿಗೆ ಫೋನ್ ಮಾಡಿ ಕೇಳಿದೆ. ಮಲ ಬೂದಿ ಬಣ್ಣ, ಸುಣ್ಣ ಕಲಸಿದ ಹಾಗಂತೆ. ಅಪ್ಪ ನಾಚಿಕೆಗೆ ಯಾರಿಗೂ ಹೇಳಿರಲಿಲ್ಲ. ನೋವು ಹಿಂದೆ ಬರ್ತಿತ್ತು. ಮದುವೆ ಮನೆ ಊಟ, ಹಬ್ಬದ ಹೋಳಿಗೆ ತುಪ್ಪ ಆದ ಮೇಲೆ ರಾತ್ರಿ ಎದೆಗೂಡಿನ ಕೆಳಗೆ ಹಿಡಿದುಕೊಂಡು ಬಲ ಭುಜದ ಹಿಂದಕ್ಕೆ ಹೋಗುತ್ತಿತ್ತಂತೆ. ಗ್ಯಾಸ್ಟ್ರಿಕ್ ಅಂತ ಮಾತ್ರೆ ನುಂಗಿ, ಸೋಡಾ ಕುಡಿದು ಮಲಗುತ್ತಿದ್ದರು. ತೂಕ ಅಂಥಾ ಏನೂ ಇಳಿದಿಲ್ಲ.

ತಾಲೂಕು_ಡ್ಯೂಟಿ · ಸೋಮವಾರ ರಾತ್ರಿ

ಹಾಗಾದರೆ ಭಾನುವಾರಕ್ಕೆ ಕಾಯಬೇಡಿ. ಪಿತ್ತಕೋಶದಲ್ಲಿ ಕಲ್ಲಿದ್ದು, ಒಂದು ಜಾರಿ ನಾಳಕ್ಕೆ ಬಿದ್ದಿರೋ ಸಾಧ್ಯತೆ ಜಾಸ್ತಿ. ನೋಡದೆ ಖಚಿತವಾಗಿ ಹೇಳೋಕಾಗಲ್ಲ, ಬೇರೆ ಕಾರಣಗಳೂ ಇವೆ.

ನಾಳೆ ಲಿವರ್ ಫಂಕ್ಷನ್ ಟೆಸ್ಟ್, ರಕ್ತಕಣ ಎಣಿಸುವ ಸಿಬಿಸಿ, ರಕ್ತ ಹೆಪ್ಪುಗಟ್ಟೋಕೆ ಎಷ್ಟು ಹೊತ್ತು ಅಂತ ನೋಡುವ ಪಿಟಿ-ಐಎನ್‌ಆರ್, ಕಿಡ್ನಿ ನೋಡಲು ಕ್ರಿಯಾಟಿನಿನ್, ಶುಗರ್, ಜೊತೆಗೆ ಹೆಪಟೈಟಿಸ್ ಬಿ ಮತ್ತು ಸಿ ನೋಡಲು ಎಚ್‌ಬಿಎಸ್‌ಎಜಿ ಮತ್ತು ಆಂಟಿ ಎಚ್‌ಸಿವಿ. ಹೊಟ್ಟೆಯ ಅಲ್ಟ್ರಾಸೌಂಡ್‌ಗೆ ಆರೆಂಟು ಗಂಟೆ ಖಾಲಿ ಹೊಟ್ಟೆ ಇರಬೇಕು. ಊಟ ಮಾಡಿದರೆ ಪಿತ್ತಕೋಶ ಹಿಂಡಿಕೊಂಡು ಚಿಕ್ಕದಾಗುತ್ತದೆ, ಒಳಗಿನ ಕಲ್ಲು ಸರಿಯಾಗಿ ಕಾಣೋದಿಲ್ಲ. ಖಾಲಿ ಹೊಟ್ಟೆಯಲ್ಲಿ ಶುಗರ್ ಮಾತ್ರೆ ಕೊಡಬೇಡಿ.

ಒಂದು ಮುಖ್ಯ ಮಾತು. ಇವತ್ತು ರಾತ್ರಿಯೇ ಆಗಲಿ, ನಡುಕ ಬಂದು ಜ್ವರ ಏರಿದರೆ, ಹೊಟ್ಟೆ ನೋವು ಜೋರಾದರೆ, ಮಾತು ತಡವರಿಸಿದರೆ, ಟೆಸ್ಟ್ ಎಲ್ಲಾ ಆಮೇಲೆ, ಸೀದಾ ದೊಡ್ಡ ಆಸ್ಪತ್ರೆಗೆ. ಕಟ್ಟಿಕೊಂಡ ನಾಳದಲ್ಲಿ ಸೋಂಕು ಸೇರಿದರೆ ಒಂದೇ ದಿನದಲ್ಲಿ ಬಿಪಿ ಕುಸಿಯಬಹುದು.

ಬೆಳಗಾವಿ_ಕುಂದಾ · ಮಂಗಳವಾರ ಬೆಳಿಗ್ಗೆ

ನಮ್ಮ ಕಡೆ ಇದಕ್ಕೆ ಕಾಮಣಿ ಅಂತಾರೆ. ಕಾಮಣಿ ಇಳಿಸೋರು ಅಂತಲೇ ಇದ್ದಾರೆ. ಕೈಗೆ ಏನೋ ರಸ ಹಚ್ಚಿ, ಸುಣ್ಣದ ನೀರಿನಲ್ಲಿ ತೊಳೆಸುತ್ತಾರೆ. ಬಟ್ಟಲ ನೀರು ಹಳದಿ ಆಗುತ್ತದೆ. "ನೋಡಿ, ಎಷ್ಟು ಇಳೀತು" ಅಂತಾರೆ. ಮಾವಿನ ತೊಗಟೆಯ ರಸ ಹಚ್ಚಿಕೊಂಡು ಸುಣ್ಣದ ನೀರಿಗೆ ಕೈ ಅದ್ದಿ ನೋಡಿ. ಕಾಮಣಿ ಇಲ್ಲದವರ ಕೈಯೂ ಹಾಗೇ ಆಗುತ್ತದೆ. ಇದಾದರೂ ಪರವಾಗಿಲ್ಲ, ಚರ್ಮ ಸುಡೋದಿಲ್ಲ. ರಟ್ಟೆಗೆ ಬರೆ ಹಾಕಿಸಿಕೊಂಡವರನ್ನೂ ನೋಡಿದ್ದೇನೆ. ಆ ಗಾಯ ಕೀವಾಗಿ ಒದ್ದಾಡಿದ್ದೇ ದೊಡ್ಡ ಕಾಯಿಲೆ ಆಯ್ತು.

ಹೊಲದ_ಬದು · ಮಂಗಳವಾರ ಬೆಳಿಗ್ಗೆ

ಬರೆ ಹಾಕೋದು ನಾನೂ ಒಪ್ಪಲ್ಲ. ಆದರೆ ನೆಲನೆಲ್ಲಿಯನ್ನು ಅದರ ಜೊತೆ ಸೇರಿಸಬೇಡಿ ಅಣ್ಣಾ. ಅದಕ್ಕೆ ದೊಡ್ಡ ಡಾಕ್ಟರುಗಳೇ ಪರೀಕ್ಷೆ ಮಾಡಿದ್ದಾರೆ ಅಂತ ಓದಿದ ನೆನಪು.

ಬಿಎಎಂಎಸ್_ಓದಿದವಳು · ಮಂಗಳವಾರ ಬೆಳಿಗ್ಗೆ

ಮಾಡಿದ್ದಾರೆ. 1988ರಲ್ಲಿ ಮದ್ರಾಸಿನ ತಂಡವೊಂದು ನೆಲನೆಲ್ಲಿ ಪುಡಿಯನ್ನು ಹೆಪಟೈಟಿಸ್ ಬಿ ವೈರಸ್ ಇದ್ದವರಿಗೆ ಕೊಟ್ಟು ದಿ ಲ್ಯಾನ್ಸೆಟ್ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಬರೆಯಿತು. ಹೆಪಟೈಟಿಸ್ ಬಿ ವೈರಸ್ ಪತ್ತೆಗಾಗಿ 1976ರಲ್ಲಿ ನೊಬೆಲ್ ಪಡೆದ ಬ್ಲಂಬರ್ಗ್ ಕೂಡ ಅದರಲ್ಲಿ ಜೊತೆಗಿದ್ದರು. 37 ಜನರಲ್ಲಿ 22 ಜನರ ರಕ್ತದಿಂದ ವೈರಸ್ಸಿನ ಗುರುತು ಮಾಯ ಆಗಿದೆ ಅಂತ ವರದಿ. ಪ್ರಪಂಚವೇ ತಿರುಗಿ ನೋಡಿತು. ಆಮೇಲೆ ಬೇರೆ ಕಡೆ ಮಾಡಿದ ಪ್ರಯೋಗಗಳಲ್ಲಿ ಆ ಫಲಿತಾಂಶ ಮತ್ತೆ ಸಿಗಲಿಲ್ಲ. ಇವತ್ತು ಹೆಪಟೈಟಿಸ್ ಬಿಗೆ ಟೆನೊಫೊವಿರ್, ಎಂಟೆಕಾವಿರ್ ಎಂಬ ವೈರಸ್ ಔಷಧಿ ಬಿಟ್ಟು ನೆಲನೆಲ್ಲಿ ತಿನ್ನಿ ಅಂತ ನಾನು ಯಾರಿಗೂ ಹೇಳೋದಿಲ್ಲ.

ನಾನು ಆಯುರ್ವೇದ ವೈದ್ಯೆ. ನನಗೆ ಗಿಡದ ಮೇಲೆ ಸಿಟ್ಟಿಲ್ಲ. ಪೊಟ್ಟಣದಲ್ಲಿ ಏನಿದೆ ಅಂತ ಹೇಳದ ಪುಡಿಯ ಮೇಲೆ ಸಿಟ್ಟಿದೆ. ಸೀಸ, ಪಾದರಸ ಸೇರಿರೋ ಪುಡಿಗಳು ಸಿಕ್ಕಿವೆ. ಗಿಡ ಗೊತ್ತಿದ್ದರೂ ಎಲ್ಲರಿಗೂ ಒಗ್ಗುತ್ತದೆ ಅಂತಿಲ್ಲ. ಕೋವಿಡ್ ಕಾಲದಲ್ಲಿ ಅಮೃತಬಳ್ಳಿ ಕಷಾಯ ಕುಡಿದ ಕೆಲವರ ಲಿವರ್ ಊದಿಕೊಂಡಿದ್ದನ್ನು ಮುಂಬೈ ವೈದ್ಯರು 2021ರಲ್ಲಿ ವರದಿ ಮಾಡಿದರು. ಆಯುಷ್ ಸಚಿವಾಲಯ ಅದನ್ನು ಒಪ್ಪಲಿಲ್ಲ. ಆ ಜಗಳ ಏನೇ ಇರಲಿ, ಕಣ್ಣು ಹಳದಿ ಇದ್ದಾಗ ಲಿವರ್‌ಗೆ ಹೊಸದೇನನ್ನೂ ಹೊರಿಸದಿರೋದು ಒಳ್ಳೆಯದು. ಅರಸೀಕೆರೆ ತಂಗಿಯ ಅಪ್ಪನಿಗಂತೂ ಯಾವ ಗಿಡವೂ ನಾಳದಲ್ಲಿ ಸಿಕ್ಕಿಕೊಂಡ ಕಲ್ಲನ್ನು ಹೊರಗೆ ಎಳೆಯೋದಿಲ್ಲ.

ಉಡುಪಿ_ಮಳೆ · ಮಂಗಳವಾರ ಮಧ್ಯಾಹ್ನ

ವಿಷಯ ಸ್ವಲ್ಪ ಬೇರೆ, ಆದರೂ ಕರಾವಳಿಯವರು ಓದುತ್ತಿದ್ದರೆ ಅಂತ ಬರೆಯುತ್ತಿದ್ದೇನೆ. ನಮ್ಮಲ್ಲಿ ಮಳೆಗಾಲದಲ್ಲಿ ಜ್ವರದ ಜೊತೆ ಕಾಮಾಲೆ ಬಂದರೆ ಇಲಿ ಜ್ವರ ಇರಬಹುದು. ಗದ್ದೆ ನೀರಿನಲ್ಲಿ ಬರಿಗಾಲಲ್ಲಿ ನಿಂತವರಿಗೆ ಕಾಲಿನ ಗಾಯದಿಂದ ಒಳಗೆ ಹೋಗುತ್ತದೆ. ಮೀನಖಂಡ ಮುಟ್ಟಿದರೆ ಚೀರುವಷ್ಟು ನೋವು, ಕಣ್ಣು ಕೆಂಪು, ಆಮೇಲೆ ಹಳದಿ. ಕಿಡ್ನಿಯನ್ನೂ ಹಿಡಿಯುತ್ತದೆ. ಇದಕ್ಕೆ ಪೆನಿಸಿಲಿನ್, ಡಾಕ್ಸಿಸೈಕ್ಲಿನ್ ಅಂತ ಸರಿಯಾದ ಔಷಧಿ ಇದೆ. ನಮ್ಮ ನೆರೆಯವರೊಬ್ಬರು ಕಾಮಾಲೆ ಅಂತ ಎಳನೀರು ಕುಡಿದುಕೊಂಡು ಮನೆಯಲ್ಲೇ ಕೂತರು. ಡಯಾಲಿಸಿಸ್ ಆಗಿ ಬದುಕಿ ಬಂದರು.

ಅರಸೀಕೆರೆ_ತೆಂಗು · ಮಂಗಳವಾರ ಸಂಜೆ

ರಿಪೋರ್ಟ್ ಬಂತು. ಒಟ್ಟು ಬಿಲಿರುಬಿನ್ 9.4, ಡೈರೆಕ್ಟ್ 7.6. ಎಸ್‌ಜಿಒಟಿ 96, ಎಸ್‌ಜಿಪಿಟಿ 118. ಆಲ್ಕಲೈನ್ ಫಾಸ್ಫಟೇಸ್ 540. ಆಲ್ಬುಮಿನ್ 3.8. ಐಎನ್‌ಆರ್ 1.7. ಬಿ, ಸಿ ಎರಡೂ ನೆಗೆಟಿವ್. ಸ್ಕ್ಯಾನ್‌ನಲ್ಲಿ ಪಿತ್ತಕೋಶದಲ್ಲಿ ಹಲವು ಕಲ್ಲು, ಪಿತ್ತನಾಳ 11 ಮಿ.ಮೀ. ಅಗಲ, ನಾಳದ ಕೆಳತುದಿ ಗ್ಯಾಸ್ ಇರೋದರಿಂದ ಕಾಣಿಸುತ್ತಿಲ್ಲ ಅಂತ ಬರೆದಿದ್ದಾರೆ. ದೊಡ್ಡಪ್ಪ ಎಸ್‌ಜಿಪಿಟಿ ನೋಡಿ "ಲಿವರ್ ಜಾಸ್ತಿ ಹಾಳಾಗಿಲ್ಲ, ಭಾನುವಾರದ ಔಷಧಿ ಸಾಕು" ಅಂತಿದ್ದಾರೆ.

ಲ್ಯಾಬ್_ಮೇಷ್ಟ್ರು · ಮಂಗಳವಾರ ಸಂಜೆ

ದೊಡ್ಡಪ್ಪ ನೋಡಿರೋ ಸಾಲು ಸರಿ, ತೀರ್ಮಾನ ಉಲ್ಟಾ. ಲ್ಯಾಬ್‌ನಲ್ಲಿ ಕೂತು ದಿನಾ ಇದನ್ನೇ ನೋಡುವವನು ನಾನು.

ಎಸ್‌ಜಿಒಟಿ, ಎಸ್‌ಜಿಪಿಟಿ ಲಿವರ್ ಜೀವಕೋಶದ ಒಳಗಿರುವ ಕಿಣ್ವಗಳು. ಕೋಶ ಒಡೆದರೆ ರಕ್ತಕ್ಕೆ ಬರುತ್ತವೆ. ಹೆಪಟೈಟಿಸ್ ಎ ಆಗಿದ್ದರೆ ಎಸ್‌ಜಿಪಿಟಿ ಸಾವಿರ ದಾಟೋದು ಮಾಮೂಲು. ಕುಡಿತದ ಲಿವರ್‌ನಲ್ಲಿ ಎಸ್‌ಜಿಒಟಿ ಎಸ್‌ಜಿಪಿಟಿಯ ಎರಡರಷ್ಟು ಇರುತ್ತದೆ, ಆದರೆ ಎರಡೂ ಮುನ್ನೂರು ನಾನೂರು ದಾಟೋದು ಅಪರೂಪ. ಆಲ್ಕಲೈನ್ ಫಾಸ್ಫಟೇಸ್ ಪಿತ್ತನಾಳದ ಗೋಡೆಯಲ್ಲಿ ಇರುತ್ತದೆ. ನಾಳ ಕಟ್ಟಿಕೊಂಡರೆ ಅದು ಏರುತ್ತದೆ. ಇಲ್ಲಿ ಎಸ್‌ಜಿಪಿಟಿ ಮಾಮೂಲಿನ ಮೂರು ಪಟ್ಟೂ ಇಲ್ಲ, ಫಾಸ್ಫಟೇಸ್ ನಾಲ್ಕು ಪಟ್ಟು ದಾಟಿದೆ. ಬಿಲಿರುಬಿನ್ನಿನಲ್ಲಿ ಹೆಚ್ಚಿನ ಪಾಲು ಡೈರೆಕ್ಟ್, ಲಿವರ್ ಆಗಲೇ ನೀರಿನಲ್ಲಿ ಕರಗುವ ಹಾಗೆ ಮಾಡಿದ ಬಗೆ. ಅಂದರೆ ಲಿವರ್ ತನ್ನ ಕೆಲಸ ಮಾಡಿ ಮುಗಿಸಿದೆ, ಸರಕು ಕೆಳಗೆ ಹೋಗುತ್ತಿಲ್ಲ. ಅಡುಗೆಮನೆ ಸಿಂಕಿನ ಪೈಪ್ ಕಟ್ಟಿಕೊಂಡಾಗ ನೀರು ಮೇಲೆ ನಿಲ್ಲುವ ಹಾಗೆ ಹಿಂದಕ್ಕೆ ರಕ್ತಕ್ಕೆ ಬರುತ್ತಿದೆ.

ಎಲ್ಲರೂ ಎಸ್‌ಜಿಪಿಟಿ ಎಷ್ಟು ಅಂತ ಕೇಳುತ್ತಾರೆ. ನಾನು ಮೊದಲು ನೋಡೋದು ಐಎನ್‌ಆರ್. ಸಿರೋಸಿಸ್ ಆಗಿ ಲಿವರ್ ಸವೆದುಹೋದವರಲ್ಲಿ ಎಸ್‌ಜಿಪಿಟಿ 35 ಇರೋದನ್ನು ನೋಡಿದ್ದೇನೆ. ಒಡೆಯೋಕೆ ಕೋಶವೇ ಉಳಿದಿರೋದಿಲ್ಲ.

ತಾಲೂಕು_ಡ್ಯೂಟಿ · ಮಂಗಳವಾರ ರಾತ್ರಿ

ಮೇಷ್ಟ್ರು ಹೇಳಿದ್ದಕ್ಕೆ ಒಂದು ಸೇರಿಸುತ್ತೇನೆ. ಐಎನ್‌ಆರ್ 1.7 ನೋಡಿ ಲಿವರ್ ಫೇಲ್ ಅಂತ ಗಾಬರಿ ಬೇಡ. ವಿಟಮಿನ್ ಕೆ ಕರುಳಿನಿಂದ ಒಳಗೆ ಹೋಗಬೇಕಾದರೆ ಪಿತ್ತರಸ ಬೇಕು. ಪಿತ್ತರಸ ಕರುಳಿಗೆ ಬರದಿದ್ದರೆ ವಿಟಮಿನ್ ಕೆ ಕಡಿಮೆಯಾಗಿ ರಕ್ತ ಹೆಪ್ಪುಗಟ್ಟೋದು ತಡ ಆಗುತ್ತದೆ. ವಿಟಮಿನ್ ಕೆ ಇಂಜೆಕ್ಷನ್ ಕೊಟ್ಟು ಒಂದೆರಡು ದಿನದಲ್ಲಿ ಐಎನ್‌ಆರ್ ಇಳಿದರೆ ಲಿವರ್ ಗಟ್ಟಿ ಇದೆ ಅಂತಲೇ ಅರ್ಥ.

ಮುಂದಿನ ಹೆಜ್ಜೆ ಎಂಆರ್‌ಸಿಪಿ. ಎಂಆರ್‌ಐ ಯಂತ್ರದಲ್ಲೇ ಮಾಡುವ ಸ್ಕ್ಯಾನ್, ನಾಳದ ಪೂರ್ತಿ ಚಿತ್ರ ಬರುತ್ತದೆ. ಕಲ್ಲೋ, ಗೆಡ್ಡೆಯೋ, ನಾಳ ಸಣ್ಣಗಾಗಿದೆಯೋ ಅಂತ ಗೊತ್ತಾಗುತ್ತದೆ. ನೋವೇ ಇಲ್ಲದ ಕಾಮಾಲೆ, ತೂಕ ಇಳಿಕೆ, ಹೊಸದಾಗಿ ಬಂದ ಶುಗರ್ ಮೂರೂ ಸೇರಿದ್ದರೆ ಮೇದೋಜೀರಕದ ತಲೆಯ ಕ್ಯಾನ್ಸರ್ ನೆನಪಾಗುತ್ತದೆ. ಅಪ್ಪನ ಕಥೆ ಹಾಗಿಲ್ಲ. ಆದರೂ ನೋಡಿಯೇ ಮುಂದೆ ಹೋಗಬೇಕು. ಗ್ಯಾಸ್ಟ್ರೋಎಂಟರಾಲಜಿಸ್ಟ್ ಇರುವ, ಇಆರ್‌ಸಿಪಿ (ಬಾಯಿಂದ ಕ್ಯಾಮೆರಾ ಇಳಿಸಿ ನಾಳದ ಕಲ್ಲು ತೆಗೆಯೋದು) ಮಾಡುವ ಆಸ್ಪತ್ರೆಗೇ ಹೋಗಿ. ಬೇರೆ ಕಡೆ ಹೋದರೆ ಅವರು ಮತ್ತೆ ಅಲ್ಲಿಗೇ ಕಳಿಸುತ್ತಾರೆ, ಸುಮ್ನೆ ಎರಡು ದಿನ ಹಾಳು.

ಪಥ್ಯದ ವಿಷಯ: ಉಪ್ಪು, ಅರಿಶಿನ ಬಿಡಿಸಬೇಕಿಲ್ಲ. ಅರಿಶಿನ ತಿಂದರೆ ಕಣ್ಣು ಹಳದಿ ಆಗೋದಿಲ್ಲ. ಸದ್ಯಕ್ಕೆ ಕರಿದದ್ದು, ತುಪ್ಪ ಬೇಡ. ಅನ್ನ, ಬೇಳೆ, ಮಜ್ಜಿಗೆ, ಇಡ್ಲಿ ಏನು ಸೇರುತ್ತೋ ಕೊಡಿ. ಕಬ್ಬಿನ ಹಾಲು ಬೇಡವೇ ಬೇಡ. ಅವರಿಗೆ ಶುಗರ್ ಇದೆ, ರಸ್ತೆ ಬದಿ ಐಸಿನ ನೀರು ಯಾವ ಊರಿನದೋ.

ತುಂಗೆ_ದಂಡೆ · ಮಂಗಳವಾರ ರಾತ್ರಿ

ನಡುವೆ ಕೇಳುತ್ತಿದ್ದೇನೆ, ಕ್ಷಮಿಸಿ. ನನ್ನ ನಾದಿನಿ ಏಳು ತಿಂಗಳ ಬಸುರಿ. ಅವಳಿದ್ದ ಊರಿನಲ್ಲಿ ನೀರಿನ ಪೈಪ್ ಒಡೆದು ಮೂರ್ನಾಲ್ಕು ಮನೆಯಲ್ಲಿ ಕಾಮಾಲೆ. ಅವಳಿಗೂ ಎರಡು ದಿನದಿಂದ ವಾಂತಿ, ಕಣ್ಣು ಸ್ವಲ್ಪ ಹಳದಿ. ಬಸುರಿ ಅಂತ ಔಷಧಿ ಏನೂ ಬೇಡ, ವಿಶ್ರಾಂತಿ ಸಾಕು ಅಂತಿದ್ದಾರೆ ಅತ್ತೆ.

ತಾಲೂಕು_ಡ್ಯೂಟಿ · ಮಂಗಳವಾರ ರಾತ್ರಿ

ಅಕ್ಕ, ಇವತ್ತೇ ಕರೆದುಕೊಂಡು ಹೋಗಿ. ನಾಳೆ ಅಲ್ಲ. ಹೆಪಟೈಟಿಸ್ ಇ ಬೇರೆಯವರಿಗೆ ಬಂದು ಹೋಗುತ್ತದೆ, ಕೊನೆಯ ಮೂರು ತಿಂಗಳ ಬಸುರಿಯರಲ್ಲಿ ಐವರಲ್ಲಿ ಒಬ್ಬರ ಜೀವ ತೆಗೆದ ಉದಾಹರಣೆಗಳಿವೆ. ಹೆರಿಗೆ ವೈದ್ಯರು, ಐಸಿಯು ಎರಡೂ ಇರುವ ಜಾಗಕ್ಕೆ ಹೋಗಿ. ಆಮೇಲೆ ಬರೆಯಿರಿ.

ಲ್ಯಾಬ್_ಮೇಷ್ಟ್ರು · ಬುಧವಾರ ಬೆಳಿಗ್ಗೆ

ಪೈಪ್ ಒಡೆದದ್ದು ಅಂದ ತಕ್ಷಣ ನನಗೆ ದೆಹಲಿ ನೆನಪಾಯ್ತು. 1955ರ ಕೊನೆಯಲ್ಲಿ ಯಮುನಾ ನದಿಯ ಹರಿವು ಬದಲಾಗಿ ಚರಂಡಿ ನೀರು ವಜೀರಾಬಾದಿನ ಪಂಪಿಂಗ್ ಸ್ಟೇಷನ್‌ಗೆ ನುಗ್ಗಿತು. ಕ್ಲೋರಿನ್ ಜಾಸ್ತಿ ಹಾಕಿದರು. ಟೈಫಾಯ್ಡ್ ಏರಲಿಲ್ಲ, ಬ್ಯಾಕ್ಟೀರಿಯಾ ಸತ್ತಿದ್ದವು. ಆದರೆ ಕೆಲವು ವಾರ ಬಿಟ್ಟು ಸುಮಾರು 29 ಸಾವಿರ ಜನರಿಗೆ ಕಾಮಾಲೆ ಬಂತು. ಆಗ ಅದು ಯಾವ ವೈರಸ್ ಅಂತ ಯಾರಿಗೂ ಗೊತ್ತಿರಲಿಲ್ಲ. 1983ರಲ್ಲಿ ಸೋವಿಯತ್ ವಿಜ್ಞಾನಿ ಬಲಯಾನ್ ರೋಗಿಗಳ ಮಲದ ಸಾರವನ್ನು ತಾನೇ ಕುಡಿದು, ಕಾಯಿಲೆ ಬರಿಸಿಕೊಂಡು, ತನ್ನ ಮಲದಲ್ಲೇ ವೈರಸ್ ನೋಡಿದ. ಈಗ ಅದೇ ಹೆಪಟೈಟಿಸ್ ಇ. ಕುದಿಸಿದ ನೀರು ಕುಡಿಯಿರಿ ಅಂದರೆ ನಗುತ್ತಾರೆ, ಇಂಥಾ ಕಥೆ ಹೇಳಿದರೆ ಮಾತ್ರ ಕೇಳುತ್ತಾರೆ.

ಕೋರಮಂಗಲ_ಸಿಗ್ನಲ್ · ಬುಧವಾರ ಮಧ್ಯಾಹ್ನ

ಲಿವರ್ ಅಂತ ಬಂದಿದ್ದಕ್ಕೆ ನನ್ನದೂ ಒಂದು. ವಯಸ್ಸು 38, ತೂಕ 84. ಕಂಪನಿಯ ಹೆಲ್ತ್ ಚೆಕಪ್‌ನಲ್ಲಿ "ಗ್ರೇಡ್ 2 ಫ್ಯಾಟಿ ಲಿವರ್" ಬಂದಿದೆ. ಎಸ್‌ಜಿಒಟಿ 40, ಎಸ್‌ಜಿಪಿಟಿ 64, ಪ್ಲೇಟ್‌ಲೆಟ್ 2.5 ಲಕ್ಷ. ಕುಡಿಯೋದಿಲ್ಲ. ಆಲಿವ್ ಎಣ್ಣೆ, ನಿಂಬೆರಸ, ಸೇಬಿನ ರಸ ಕುಡಿದು ಲಿವರ್ ಕ್ಲೀನ್ ಮಾಡಿಕೊಂಡೆ ಅಂತ ಸಹೋದ್ಯೋಗಿ ಹೇಳಿದ. ಹಸಿರು ಕಲ್ಲುಗಳೇ ಹೊರಗೆ ಬಂದವಂತೆ.

ಲ್ಯಾಬ್_ಮೇಷ್ಟ್ರು · ಬುಧವಾರ ಮಧ್ಯಾಹ್ನ

ಆ ಹಸಿರು ಕಲ್ಲು ಪಿತ್ತದ ಕಲ್ಲಲ್ಲ. ಕುಡಿದ ಎಣ್ಣೆಯೇ ಹೊಟ್ಟೆಯೊಳಗೆ ಸಾಬೂನಾಗಿ ಉಂಡೆಗಟ್ಟಿದ್ದು. 2005ರಲ್ಲಿ ದಿ ಲ್ಯಾನ್ಸೆಟ್‌ನಲ್ಲಿ ಇಂಥ ಕಲ್ಲುಗಳನ್ನು ಪರೀಕ್ಷೆ ಮಾಡಿ ಬರೆದಿದ್ದಾರೆ, ಕೊಲೆಸ್ಟ್ರಾಲ್ ಇರಲೇ ಇಲ್ಲ. ಬೆಚ್ಚಗೆ ಮಾಡಿದರೆ ಕರಗಿಹೋಗುತ್ತವೆ.

ತಾಲೂಕು_ಡ್ಯೂಟಿ · ಬುಧವಾರ ರಾತ್ರಿ

ಗ್ರೇಡ್ 2 ಅಂದರೆ ಸ್ಕ್ಯಾನ್‌ನಲ್ಲಿ ಎಷ್ಟು ಬೆಳ್ಳಗೆ ಕಾಣುತ್ತದೆ ಅನ್ನುವ ಲೆಕ್ಕ ಅಷ್ಟೇ. ಮುಖ್ಯ ಆಗೋದು ಲಿವರ್‌ನಲ್ಲಿ ಗಾಯದ ಕಲೆ, ಅಂದರೆ ಫೈಬ್ರೋಸಿಸ್, ಇದೆಯಾ ಅನ್ನೋದು. ಅದಕ್ಕೆ ಫಿಬ್-4 ಅಂತ ಸುಲಭ ಲೆಕ್ಕ ಇದೆ. ವಯಸ್ಸನ್ನು ಎಸ್‌ಜಿಒಟಿಯಿಂದ ಗುಣಿಸಿ. ಸಾವಿರದ ಲೆಕ್ಕದ ಪ್ಲೇಟ್‌ಲೆಟ್ ಸಂಖ್ಯೆಯನ್ನು ಎಸ್‌ಜಿಪಿಟಿಯ ವರ್ಗಮೂಲದಿಂದ ಗುಣಿಸಿ. ಮೊದಲನೆಯದನ್ನು ಎರಡನೆಯದರಿಂದ ಭಾಗಿಸಿ. ನಿಮ್ಮದು 38 x 40 = 1520. 250 x 8 = 2000. ಉತ್ತರ 0.76. 1.3ಕ್ಕಿಂತ ಕಡಿಮೆ ಇದ್ದರೆ ದೊಡ್ಡ ಫೈಬ್ರೋಸಿಸ್ ಇರೋ ಸಾಧ್ಯತೆ ಕಡಿಮೆ. ಜಾಸ್ತಿ ಬಂದಿದ್ದರೆ ಫೈಬ್ರೋಸ್ಕ್ಯಾನ್ ಮಾಡಿಸಿ ಅನ್ನುತ್ತಿದ್ದೆ. ಶುಗರ್, ಲಿಪಿಡ್ ನೋಡಿಸಿ.

ಚಿಕಿತ್ಸೆ ನಿಮ್ಮ ಕೈಯಲ್ಲೇ ಇದೆ. ತೂಕದ ನೂರಕ್ಕೆ 7ರಿಂದ 10 ಭಾಗ ಇಳಿಸಿ, ಅಂದರೆ ಆರರಿಂದ ಎಂಟು ಕಿಲೋ. ಲಿವರ್‌ನ ಊತವೂ ಇಳಿಯುತ್ತದೆ. ಆದರೆ ಉಪವಾಸ ಬಿದ್ದು ಒಂದೇ ತಿಂಗಳಲ್ಲಿ ಇಳಿಸಬೇಡಿ. ಬೇಗ ತೂಕ ಇಳಿಸಿದರೆ ಪಿತ್ತಕೋಶದಲ್ಲಿ ಕಲ್ಲು ಕಟ್ಟುತ್ತದೆ. ಕಾಫಿ ಕುಡಿಯುವವರಿಗೆ ಖುಷಿ ವಿಷಯ: ಕಾಫಿ ಕುಡಿಯುವವರಲ್ಲಿ ಲಿವರ್ ಫೈಬ್ರೋಸಿಸ್ ಕಡಿಮೆ ಅಂತ ಹಲವು ಅಧ್ಯಯನಗಳು ಹೇಳುತ್ತವೆ. ಎರಡು ಚಮಚ ಸಕ್ಕರೆ ಹಾಕಿದರೆ ಆ ಲೆಕ್ಕ ಕೈಬಿಡಿ.

ಅರಸೀಕೆರೆ_ತೆಂಗು · ಶುಕ್ರವಾರ ಸಂಜೆ

ಎಂಆರ್‌ಸಿಪಿಯಲ್ಲಿ ನಾಳದ ಕೆಳತುದಿಯಲ್ಲಿ 8 ಮಿ.ಮೀ. ಕಲ್ಲು. ಗೆಡ್ಡೆ ಇಲ್ಲ. ವಿಟಮಿನ್ ಕೆ ಕೊಟ್ಟ ಮೇಲೆ ಐಎನ್‌ಆರ್ 1.2ಕ್ಕೆ ಇಳಿಯಿತು. ನಾಳೆ ಇಆರ್‌ಸಿಪಿ. ಒಪ್ಪಿಗೆ ಪತ್ರದಲ್ಲಿ "ಪ್ಯಾಂಕ್ರಿಯಾಟೈಟಿಸ್, ರಕ್ತಸ್ರಾವ, ಕರುಳು ತೂತು" ಅಂತೆಲ್ಲಾ ಬರೆದಿದ್ದಾರೆ. ಅಮ್ಮ ಓದಿ ಅಳುತ್ತಿದ್ದಾರೆ. ಮಾಡಿಸಿಕೊಂಡವರು ಯಾರಾದರೂ ಇದ್ದೀರಾ?

ಮಲ್ಲೇಶ್ವರ_ಅಜ್ಜ · ಶುಕ್ರವಾರ ರಾತ್ರಿ

ನಾನು ಮಾಡಿಸಿಕೊಂಡಿದ್ದೇನೆ ಮಗಳೇ. ಗಂಟಲಿಗೆ ಸ್ಪ್ರೇ ಹೊಡೆದರು. ಬೋರಲು ಮಲಗಿಸಿ ನಿದ್ದೆ ಬರುವ ಇಂಜೆಕ್ಷನ್ ಕೊಟ್ಟರು. ಎಚ್ಚರ ಆದಾಗ ಎಲ್ಲಾ ಮುಗಿದಿತ್ತು. ಹೊಟ್ಟೆ ಮೇಲೆ ಗಾಯವೇ ಇಲ್ಲ. ಬಾಯಿಂದ ಕ್ಯಾಮೆರಾ ಇಳಿಸಿ, ಪಿತ್ತನಾಳ ಕರುಳಿಗೆ ತೆರೆಯುವ ಬಾಯನ್ನು ತಂತಿಯಲ್ಲಿ ಸ್ವಲ್ಪ ಕೊಯ್ದು, ಬಲೂನಿನಲ್ಲಿ ಕಲ್ಲನ್ನು ಕೆಳಗೆ ಎಳೆಯುತ್ತಾರೆ. ಅದು ಮಲದಲ್ಲಿ ಹೋಗುತ್ತದೆ. ಎರಡನೇ ದಿನ ಮೂತ್ರದ ಬಣ್ಣ ತಿಳಿಯಾಯ್ತು.

ನಾಳ ತೆರೆದಿಡಲು ಸ್ಟೆಂಟ್ ಅನ್ನುವ ಕೊಳವೆ ಹಾಕಿದರೆ ಮರೆಯಬೇಡಿ. ಹೃದಯದ ಸ್ಟೆಂಟ್ ಜೀವಮಾನ ಇರುತ್ತದೆ. ಇಲ್ಲಿ ಹಾಕುವ ಪ್ಲಾಸ್ಟಿಕ್ ಸ್ಟೆಂಟನ್ನು ಸಾಮಾನ್ಯವಾಗಿ ಮೂರು ತಿಂಗಳ ಒಳಗೆ ತೆಗೆಸಬೇಕು. ನನ್ನ ಪಕ್ಕದ ಹಾಸಿಗೆಯವರು ಹಳೇ ಸ್ಟೆಂಟ್ ಮರೆತು, ಅದರ ಮೇಲೇ ಕಲ್ಲು ಕಟ್ಟಿ, ಚಳಿಜ್ವರ ಬಂದು ಮತ್ತೆ ಸೇರಿದ್ದರು. ಡಿಸ್ಚಾರ್ಜ್ ಚೀಟಿಯಲ್ಲಿ ಸಣ್ಣ ಅಕ್ಷರದಲ್ಲಿ ಬರೆದಿರುತ್ತಾರೆ. ದಿನಾಂಕವನ್ನು ಕ್ಯಾಲೆಂಡರಿನಲ್ಲಿ ದೊಡ್ಡದಾಗಿ ಬರೆಯಿರಿ.

ತಾಲೂಕು_ಡ್ಯೂಟಿ · ಶುಕ್ರವಾರ ರಾತ್ರಿ

ಅಮ್ಮನಿಗೆ ಹೇಳಿ, ಬರೆದಿರೋದೆಲ್ಲ ಆಗುತ್ತದೆ ಅಂತಲ್ಲ. ಪ್ಯಾಂಕ್ರಿಯಾಟೈಟಿಸ್, ಅಂದರೆ ಮೇದೋಜೀರಕದ ಊತ, ನೂರಕ್ಕೆ ಸುಮಾರು ಐದರಷ್ಟು ಜನರಿಗೆ ಆಗಬಹುದು, ಹೆಚ್ಚಿನದು ಸೌಮ್ಯ. ಅದನ್ನು ತಡೆಯಲು ಗುದದ್ವಾರದಲ್ಲಿ ಒಂದು ನೋವಿನ ಮಾತ್ರೆ ಇಡುತ್ತಾರೆ, ಗಾಬರಿ ಬೇಡ. ನಾಳದಲ್ಲಿ ಕಲ್ಲು ಬಿಟ್ಟರೆ ಆಗೋ ಅಪಾಯ ಇದಕ್ಕಿಂತ ಜಾಸ್ತಿ. ಆಮೇಲೆ ಪಿತ್ತಕೋಶವನ್ನೂ ತೆಗೆಸಬೇಕಾಗುತ್ತದೆ. ಒಳಗೆ ಇನ್ನೂ ಕಲ್ಲಿವೆ, ಇವತ್ತಲ್ಲ ನಾಳೆ ಇನ್ನೊಂದು ಜಾರುತ್ತದೆ. ಸಾಧ್ಯವಾದರೆ ಎರಡು ವಾರದೊಳಗೆ ಮಾಡಿಸಿ. ಬಿಪಿಎಲ್ ಕಾರ್ಡ್ ಇದ್ದರೆ ಆರೋಗ್ಯ ಕರ್ನಾಟಕ ಯೋಜನೆಯ ಕೌಂಟರಿನಲ್ಲಿ ಮೊದಲೇ ಕೇಳಿ. ಸರ್ಕಾರಿ ಆಸ್ಪತ್ರೆಯ ರೆಫರಲ್ ಬೇಕಾಗಬಹುದು.

ತುಂಗೆ_ದಂಡೆ · ಶನಿವಾರ ಬೆಳಿಗ್ಗೆ

ನಾದಿನಿಗೆ ಹೆಪಟೈಟಿಸ್ ಇ ಅಂತಲೇ ಬಂತು. ಐಸಿಯುನಲ್ಲಿದ್ದಾಳೆ. ಐಎನ್‌ಆರ್ ಏರಿಲ್ಲ, ಪ್ರಜ್ಞೆ ಚೆನ್ನಾಗಿದೆ ಅಂತ ಹೇಳಿದರು. ಮಗುವಿನ ಹೃದಯ ಬಡಿತ ಸರಿ ಇದೆ. ಊರಿನ ಪೈಪ್ ಇನ್ನೂ ಸರಿಮಾಡಿಲ್ಲ.

ಹೊಸಪೇಟೆ_ಬಿಸಿಲು · ಶನಿವಾರ ಮಧ್ಯಾಹ್ನ

ಇದನ್ನೆಲ್ಲ ಓದಿ ನನಗೆ ಭಯ ಆಗಿದೆ. ಬೇರೆ ಕಾರಣಕ್ಕೆ ಸ್ಕ್ಯಾನ್ ಮಾಡಿಸಿದಾಗ ಪಿತ್ತಕೋಶದಲ್ಲಿ 6 ಮಿ.ಮೀ. ಕಲ್ಲು ಕಂಡಿದೆ. ಯಾವತ್ತೂ ನೋವು ಬಂದಿಲ್ಲ. ಒಬ್ಬರು ಕೂಡಲೇ ಆಪರೇಷನ್ ಅಂದರು. ಕರಗಿಸುವ ಮಾತ್ರೆ ಇದೆ ಅಂತ ಇನ್ನೊಬ್ಬರು.

ತಾಲೂಕು_ಡ್ಯೂಟಿ · ಶನಿವಾರ ರಾತ್ರಿ

ನೋವೇ ಇಲ್ಲದ ಕಲ್ಲಿಗೆ ಸಾಮಾನ್ಯವಾಗಿ ಆಪರೇಷನ್ ಬೇಡ. ಇಂಥವರಲ್ಲಿ ವರ್ಷಕ್ಕೆ ನೂರಕ್ಕೆ ಒಬ್ಬಿಬ್ಬರಿಗೆ ಮಾತ್ರ ತೊಂದರೆ ಶುರುವಾಗುತ್ತದೆ. ಕಲ್ಲು 3 ಸೆಂ.ಮೀ.ಗಿಂತ ದೊಡ್ಡದಿದ್ದರೆ, ಪಿತ್ತಕೋಶದ ಗೋಡೆ ಸುಣ್ಣಗಟ್ಟಿದ್ದರೆ, ಒಳಗೋಡೆಯಲ್ಲಿ 1 ಸೆಂ.ಮೀ. ದಾಟಿದ ಗಂಟು (ಪಾಲಿಪ್) ಇದ್ದರೆ ಮಾತು ಬೇರೆ. ಉರ್ಸೋಡಿಆಕ್ಸಿಕೋಲಿಕ್ ಮಾತ್ರೆ ಸಣ್ಣ ಕೊಲೆಸ್ಟ್ರಾಲ್ ಕಲ್ಲನ್ನು ಕರಗಿಸಬಹುದು. ತಿಂಗಳುಗಟ್ಟಲೆ ನುಂಗಬೇಕು, ನಿಲ್ಲಿಸಿದ ಐದು ವರ್ಷದಲ್ಲಿ ಅರ್ಧದಷ್ಟು ಜನರಿಗೆ ಮತ್ತೆ ಬರುತ್ತದೆ. ನೀವು ಸುಮ್ಮನಿರಿ. ಊಟದ ನಂತರ ಬಲಗಡೆ ಅರ್ಧ ಗಂಟೆಗಿಂತ ಜಾಸ್ತಿ ಹಿಡಿಯುವ ನೋವು ಬಂದರೆ ಮಾತ್ರ ಸರ್ಜನ್ ಹತ್ತಿರ ಹೋಗಿ. ಅದನ್ನು ಗ್ಯಾಸ್ಟ್ರಿಕ್ ಅಂತ ಸೋಡಾ ಕುಡಿದು ಮುಗಿಸಬೇಡಿ.

ಹೊಲದ_ಬದು · ಭಾನುವಾರ ಬೆಳಿಗ್ಗೆ

ಒಂದು ಕೇಳಲಾ ಡಾಕ್ಟ್ರೇ. ನನ್ನ ಮೊಮ್ಮಗ ಹುಟ್ಟಿ ಮೂರು ವಾರ ಆಯ್ತು. ಹುಟ್ಟಿದಾಗ ಬಂದ ಹಳದಿ ಇನ್ನೂ ಹೋಗಿಲ್ಲ. ಬೆಳಿಗ್ಗೆ ಬಿಸಿಲಿಗೆ ಹಿಡಿಯುತ್ತಿದ್ದೇವೆ. ಕಕ್ಕ ಬೆಳ್ಳಗಿದೆ ಅಂತ ಸೊಸೆ ಹೇಳಿದಳು. ಇಲ್ಲಿ ಬೂದಿ ಬಣ್ಣದ ಮಾತು ಓದಿ ನೆನಪಾಯ್ತು.

ತಾಲೂಕು_ಡ್ಯೂಟಿ · ಭಾನುವಾರ ಬೆಳಿಗ್ಗೆ

ಅಣ್ಣಾ, ನಾಳೆ ಬೆಳಿಗ್ಗೆಯೇ ಮಕ್ಕಳ ವೈದ್ಯರ ಹತ್ತಿರ ಹೋಗಿ. ಮಗುವಿನ ಬಳಸಿದ ಲಂಗೋಟಿಯ ಫೋಟೋ ತೆಗೆದುಕೊಂಡು ಹೋಗಿ. ಹುಟ್ಟಿದ ಮಕ್ಕಳ ಮಾಮೂಲಿ ಹಳದಿಯಲ್ಲಿ ಕಕ್ಕ ಬೆಳ್ಳಗಾಗೋದಿಲ್ಲ. ಎರಡು ವಾರ ದಾಟಿದ ಹಳದಿ, ಬಿಳಿ ಕಕ್ಕ ಸೇರಿದರೆ ಪಿತ್ತನಾಳವೇ ಸರಿಯಾಗಿ ಬೆಳೆಯದ ಬಿಲಿಯರಿ ಅಟ್ರೇಸಿಯಾ ಇದೆಯಾ ಅಂತ ನೋಡಬೇಕು. ಕಸಾಯ್ ಅನ್ನುವ ಆಪರೇಷನ್ ಇದೆ, 60 ದಿನದೊಳಗೆ ಆದರೆ ಫಲ ಚೆನ್ನಾಗಿರುತ್ತದೆ. ಬಿಸಿಲಿಗೆ ಇದು ಹೋಗೋದಿಲ್ಲ. ಡೈರೆಕ್ಟ್ ಬಿಲಿರುಬಿನ್ ಎಷ್ಟು ಅಂತ ಕೇಳಿ.

ಹೊಲದ_ಬದು · ಭಾನುವಾರ ಬೆಳಿಗ್ಗೆ

ಇವತ್ತೇ ಹೊರಡ್ತೀವಿ.

ಅರಸೀಕೆರೆ_ತೆಂಗು · ಮುಂದಿನ ವಾರ, ಶನಿವಾರ

ಇಆರ್‌ಸಿಪಿಯಲ್ಲಿ ಕಲ್ಲು ಬಂತು, ಸ್ಟೆಂಟ್ ಹಾಕಿದ್ದಾರೆ. ಬಿಲಿರುಬಿನ್ 3ಕ್ಕೆ ಇಳಿದ ಮೇಲೆ ಗುರುವಾರ ಲ್ಯಾಪ್ರೋಸ್ಕೋಪಿಯಲ್ಲಿ ಪಿತ್ತಕೋಶ ತೆಗೆದರು. ನಾಲ್ಕು ಸಣ್ಣ ತೂತು, ಮರುದಿನವೇ ಮನೆಗೆ ಕಳಿಸಿದರು. ಹೊಟ್ಟೆಗಿಂತ ಭುಜ ನೋಯುತ್ತಿದೆ ಅಂತ ಅಪ್ಪ ಬೈಯುತ್ತಿದ್ದಾರೆ. ಹೊಟ್ಟೆ ಉಬ್ಬಿಸಲು ಬಿಟ್ಟ ಗ್ಯಾಸಿನಿಂದ ಹಾಗಾಗುತ್ತದೆ, ಎರಡು ದಿನದಲ್ಲಿ ಹೋಗುತ್ತದೆ ಅಂದರು. ಇನ್ನು ಮೇಲೆ ತುಪ್ಪ, ಹೋಳಿಗೆ ಪೂರ್ತಿ ಬಂದಾ? ಅವರ ಮುಖ್ಯ ಚಿಂತೆ ಇದೇ.

ಮಲ್ಲೇಶ್ವರ_ಅಜ್ಜ · ಶನಿವಾರ

ಒಂದು ತಿಂಗಳು ಕಡಿಮೆ ಎಣ್ಣೆ, ಸ್ವಲ್ಪ ಸ್ವಲ್ಪ ಊಟ. ಪಿತ್ತರಸ ಮಾಡೋದು ಲಿವರ್, ಪಿತ್ತಕೋಶ ಬರೀ ಕೂಡಿಡುತ್ತಿತ್ತು. ಈಗ ನೇರವಾಗಿ ಕರುಳಿಗೆ ಇಳಿಯುತ್ತದೆ. ಕೆಲವರಿಗೆ ಮೊದಮೊದಲು ಭೇದಿ ಆಗುತ್ತದೆ, ನನಗೂ ಆಯ್ತು, ನಿಂತಿತು. ಯುಗಾದಿಗೆ ನಾನು ಎರಡು ಹೋಳಿಗೆ ತಿಂದೆ. ಅಪ್ಪನಿಗೆ ಶುಗರ್ ಇರೋದರಿಂದ ಒಂದಕ್ಕೆ ನಿಲ್ಲಿಸಿ.

ಲ್ಯಾಬ್_ಮೇಷ್ಟ್ರು · ಶನಿವಾರ

ತಂಗಿ, ತೆಗೆದ ಪಿತ್ತಕೋಶವನ್ನು ಬಯಾಪ್ಸಿಗೆ ಕಳಿಸಿದ್ದಾರಾ? ಕಲ್ಲನ್ನು ಡಬ್ಬಿಯಲ್ಲಿ ಹಾಕಿ ಮನೆಯವರ ಕೈಗೆ ಕೊಡುತ್ತಾರೆ, ಎಲ್ಲರೂ ಅದನ್ನೇ ನೋಡಿಕೊಂಡು ಹೋಗುತ್ತಾರೆ. ಬಯಾಪ್ಸಿ ರಿಪೋರ್ಟ್ ಕೌಂಟರಿನಲ್ಲೇ ಉಳಿದುಬಿಡುತ್ತದೆ. ವರ್ಷಗಟ್ಟಲೆ ಕಲ್ಲಿದ್ದ ಪಿತ್ತಕೋಶದಲ್ಲಿ ಅಪರೂಪಕ್ಕೆ ಕ್ಯಾನ್ಸರ್ ಸಿಗುತ್ತದೆ. ಗಂಗಾ ಬಯಲಿನಲ್ಲಿ ಜಾಸ್ತಿ, ನಮ್ಮ ಕಡೆ ಕಡಿಮೆ. ಕಡಿಮೆ ಅಂತ ನೋಡದೆ ಬಿಡೋ ಹಾಗಿಲ್ಲ.

ಅರಸೀಕೆರೆ_ತೆಂಗು · ಶನಿವಾರ

ಕಳಿಸಿದ್ದಾರೆ ಮೇಷ್ಟ್ರೇ, ಗುರುವಾರ ಬರುತ್ತದೆ ಅಂದಿದ್ದಾರೆ. ಅವತ್ತೇ ಹೊಲಿಗೆ ತೋರಿಸೋಕೂ ಹೋಗಬೇಕು, ರಿಪೋರ್ಟ್ ತಂದು ಇಲ್ಲೇ ಹಾಕುತ್ತೇನೆ. ಸ್ಟೆಂಟ್ ತೆಗೆಸುವ ದಿನಾಂಕವನ್ನೂ ಅವತ್ತೇ ಬರೆಸಿಕೊಂಡು ಬರುತ್ತೇನೆ.